ವ್ಲಿ ಜಲಪಾತ: ರಿಟೈರ್ಡ್ ಕಂಡಕ್ಟರ್ ಒಬ್ಬನ ಲೆಕ್ಕ

ಆಫ್ರಿಕಾಗೆ ಹೋಗಿ ಜಲಪಾತ ನೋಡಿಕೊಂಡು ಬಂದೆ ಅಂದರೆ ಸಾಕು, ಬನಶಂಕರಿಯ ನಮ್ಮ ಪಾರ್ಕಿನಲ್ಲಿ ವಾಕಿಂಗ್ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಜೋಗಕ್ಕಿಂತ ದೊಡ್ಡದಾ?" ದೊಡ್ಡದಲ್ಲ. ಜೋಗ 253 ಮೀಟರ್. ನಾನು ಕೆಳಗೆ ನಿಂತು ನೋಡಿದ್ದು ಅದರ ಮುಂದೆ ಚಿಕ್ಕದು. "ಮತ್ತೆ ಅಷ್ಟು ದೂರ ಯಾಕೆ ಹೋದ್ರಿ?" ಇದಕ್ಕೆ ಪಾರ್ಕಿನ ಎರಡು ಸುತ್ತಿನಲ್ಲಿ ಉತ್ತರ ಹೇಳಿ ಮುಗಿಸೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಜಾಗದ ಹೆಸರು ವ್ಲಿ. ಘಾನಾ ದೇಶದ ಪೂರ್ವದ ಅಂಚು, ವೋಲ್ಟಾ ಪ್ರಾಂತ್ಯ, ಟೋಗೊ ಗಡಿಗೆ ಅಂಟಿಕೊಂಡ ಹಳ್ಳಿ. ನಮ್ಮನೆಯವಳ ಬಾಯಲ್ಲಿ ಅದು ಮೊದಲ ದಿನದಿಂದಲೂ "ಹುಲಿ ಫಾಲ್ಸ್". ಆಫ್ರಿಕಾದಲ್ಲಿ ಹುಲಿ ಇಲ್ಲ ಅಜ್ಜಿ ಅಂತ ಮೊಮ್ಮಗ ತಿದ್ದಿದ. "ಹೆಸರಲ್ಲಾದ್ರೂ ಇರ್ಲಿ ಬಿಡೋ" ಅಂದಳು.

ನನ್ನ ವಿಷಯ ಸ್ವಲ್ಪ. 1989ರಲ್ಲಿ ಬಿಟಿಎಸ್‌ಗೆ ಕಂಡಕ್ಟರ್ ಆಗಿ ಸೇರಿದೆ. 1997ರಲ್ಲಿ ಬಿಟಿಎಸ್ ಹೋಗಿ ಬಿಎಂಟಿಸಿ ಆಯಿತು, ನಾನು ಕಂಡಕ್ಟರ್ ಆಗಿಯೇ ಉಳಿದೆ. 2023ರಲ್ಲಿ ರಿಟೈರ್ ಆದೆ. 34 ವರ್ಷ ಜನರ ಕೈಯಿಂದ ದುಡ್ಡು ತಗೊಂಡು ಚೀಟಿ ಕೊಟ್ಟವನು. ಹಾಗಾಗಿ ಎಲ್ಲೇ ಹೋದರೂ ನಾನು ನೋಡುವುದು ಮೂರು. ದುಡ್ಡಿಗೆ ಚೀಟಿ ಕೊಟ್ಟರಾ? ಚಿಲ್ಲರೆ ಸರಿಯಾಗಿ ಬಂತಾ? ಹೇಳಿದ ಸ್ಟಾಪಿನಲ್ಲಿ ಇಳಿಸಿದರಾ?

ಮಗ ಕೆಲಸದ ಮೇಲೆ ಘಾನಾದ ರಾಜಧಾನಿ ಅಕ್ರಾದಲ್ಲಿದ್ದಾನೆ. 2024ರ ಅಕ್ಟೋಬರಿನಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡ. ಹೋಗುವ ಮುಂಚೆ ಹಳದಿ ಜ್ವರದ ಲಸಿಕೆ ಹಾಕಿಸಲೇಬೇಕು. ಅದು ಮೂಲೆಮೂಲೆಯ ಕ್ಲಿನಿಕ್ಕಿನಲ್ಲಿ ಸಿಗಲ್ಲ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ಹಾಕಿಸಿದ 10 ದಿನದ ಮೇಲಷ್ಟೇ ಆ ಹಳದಿ ಕಾರ್ಡಿಗೆ ಬೆಲೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. 60 ದಾಟಿದವರಿಗೆ ಈ ಲಸಿಕೆ ಸ್ವಲ್ಪ ಯೋಚಿಸಿ ಕೊಡುವಂಥದ್ದು, ಡಾಕ್ಟರ್ ನನ್ನನ್ನು ಕೂರಿಸಿಕೊಂಡು ಬಿಪಿ, ಶುಗರು, ಅಲರ್ಜಿ ಅಂತ ಎಲ್ಲ ಕೇಳಿದರು. ನನ್ನ ವಯಸ್ಸಿನವರು ಇದನ್ನು ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ. ಅಕ್ರಾ ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟಿಗಿಂತ ಮೊದಲು ಕೇಳಿದ್ದು ಆ ಕಾರ್ಡನ್ನೇ. ವಾಪಸ್ ಬರುವಾಗ ನಮ್ಮ ದೇಶದವರೂ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಬೇರೆ ಇಟ್ಟುಬಿಡಬಹುದು.

ಅಕ್ರಾದಿಂದ ವ್ಲಿಗೆ ಕಾರು. ಈ ಇಡೀ ಪ್ರವಾಸದಲ್ಲಿ ನಾನು ಸೊನ್ನೆ ಕೊಡುವುದು ಈ ಕಾರಿಗೆ. ಮಗನ ಆಫೀಸಿನಲ್ಲಿ ಯಾರೋ ಹೇಳಿದರು ಅಂತ ಒಬ್ಬ ಟ್ರಾವೆಲ್ಸ್‌ನವನ ಹತ್ತಿರ ಬುಕ್ ಮಾಡಿದ್ದು. ಬೆಳಗ್ಗೆ ಆರಕ್ಕೆ ಬರಬೇಕಾದ ಗಾಡಿ ಏಳೂವರೆಗೆ ಬಂತು. ಎಸಿ ಮೊದಲ ಒಂದು ಗಂಟೆ ಕೆಲಸ ಮಾಡಿ ಸುಮ್ಮನಾಯಿತು. ಹೊಹೊಎ ಅನ್ನೋ ಪೇಟೆ ತಲುಪಿದ ಮೇಲೆ ಡ್ರೈವರ್ ಹೇಳುತ್ತಾನೆ, ಮಾತಾಡಿದ್ದು ಇಲ್ಲಿವರೆಗೆ ಮಾತ್ರ, ವ್ಲಿಗೆ ಬೇರೆ ದುಡ್ಡು. ಮಗ ಫೋನಿನಲ್ಲಿ ಜಗಳಕ್ಕೆ ನಿಂತ. ನಾನು ಬ್ಯಾಗ್ ಇಳಿಸಿದೆ. ಮಧ್ಯದ ಸ್ಟೇಜಿನಲ್ಲಿ ಚಾರ್ಜು ಏರಿಸುವವನ ಜೊತೆ ಮಾತಿಲ್ಲ. ರಶೀದಿ? ಕೇಳಬೇಡಿ.

ಆದರೆ ದಾರಿಯದ್ದು ತಪ್ಪಿಲ್ಲ. ಅಟಿಂಪೊಕು ಅನ್ನೋ ಊರಿನಲ್ಲಿ ವೋಲ್ಟಾ ನದಿ ದಾಟಬೇಕು. ಅಡೋಮಿ ಸೇತುವೆ, ಕಮಾನಿನ ಉಕ್ಕಿನ ಸೇತುವೆ, 1957ರದ್ದು. ಘಾನಾಗೆ ಸ್ವಾತಂತ್ರ್ಯ ಬಂದಿದ್ದೂ ಅದೇ ವರ್ಷ, ಮಾರ್ಚ್ 6ಕ್ಕೆ. ಗಾಡಿ ನಿಧಾನ ಆಗುತ್ತಿದ್ದ ಹಾಗೇ ಹೆಂಗಸರು ತಲೆ ಮೇಲೆ ತಟ್ಟೆ ಹೊತ್ತು ಓಡಿ ಬರುತ್ತಾರೆ. ತಟ್ಟೆಯಲ್ಲಿ ಅಬೊಲೊ, ಎಲೆಯಲ್ಲಿ ಬೇಯಿಸಿದ ಮೆತ್ತನೆಯ ಮುಸುಕಿನ ಜೋಳದ ಹಿಟ್ಟಿನ ತಿಂಡಿ, ಕಡುಬಿನ ತಂಗಿ ಅನ್ನಬಹುದು. ಜೊತೆಗೆ ಕರಿದ ಸಣ್ಣ ಮೀನು. ಆ ಮೀನಿಗೆ ಅಲ್ಲಿ "ವನ್ ಮ್ಯಾನ್ ಥೌಸಂಡ್" ಅಂತ ಹೆಸರು, ಒಬ್ಬನಿಗೆ ಸಾವಿರ. ಮದ್ದೂರಿನಲ್ಲಿ ಬಸ್ ನಿಂತರೆ ವಡೆ ಮಾರುವವರು ಹತ್ತಿಕೊಳ್ಳುವ ಹಾಗೇ. ನಾನು ಮದ್ದೂರು ಕಡೆಯವನೇ, ಆ ಗದ್ದಲ ಕೇಳಿದ ತಕ್ಷಣ ಮನಸ್ಸು ಹಗುರ ಆಯಿತು.

ಹೊಹೊಎಯಿಂದ ವ್ಲಿಗೆ ಟ್ರೊಟ್ರೊ ಹತ್ತಿದೆವು. ಟ್ರೊಟ್ರೊ ಅಂದರೆ ಹಳೇ ವ್ಯಾನು, ಸೀಟು ತುಂಬಿದ ಮೇಲೇ ಹೊರಡುವುದು. ಹಿಂದಿನ ಗಾಜಿನ ಮೇಲೆ ದೇವರ ಮಾತು ಬರೆಸಿರುತ್ತಾರೆ, ನಮ್ಮ ಆಟೊ ಹಿಂದೆ ಬರೆಸುವ ಹಾಗೆ. ಅದರ ಕಂಡಕ್ಟರ್‌ಗೆ ಮೇಟ್ ಅನ್ನುತ್ತಾರೆ. ನಮ್ಮ ಮೇಟ್‌ಗೆ ಇಪ್ಪತ್ತು ವರ್ಷ ಇರಬಹುದು. ಬಾಗಿಲಿಗೆ ಒಂದು ಕೈ, ಹೊರಗೆ ಅರ್ಧ ಮೈ, ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು. ಚೀಟಿ ಇಲ್ಲ, ಮಿಷನ್ ಇಲ್ಲ. ಆದರೂ ಹದಿನಾಲ್ಕು ಜನರಲ್ಲಿ ಯಾರು ಎಲ್ಲಿ ಹತ್ತಿದರು, ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಅವನ ತಲೆಯಲ್ಲಿತ್ತು. ನನಗೆ ಬರಬೇಕಾದ ಎರಡು ಸೇಡಿ, ಅಂದರೆ ಅಲ್ಲಿನ ರೂಪಾಯಿ, ನಾನು ಕೇಳುವ ಮೊದಲೇ ಬಂತು. ನಮ್ಮ ಡಿಪೊದಲ್ಲಿ ಇಂಥವರು ನಾಲ್ಕು ಜನ ಇದ್ದಿದ್ದರೆ ಅಂತ ಅಂದುಕೊಂಡೆ, ಆಮೇಲೆ ಚೀಟಿ ಇಲ್ಲದ ಕಲೆಕ್ಷನ್ ಲೈನ್ ಚೆಕಿಂಗ್‌ನವರ ಕಣ್ಣಿಗೆ ಬಿದ್ದರೆ ಏನಾಗುತ್ತೆ ಅಂತಲೂ ಹೊಳೆಯಿತು. ಮನೆಯವಳು ಮೆಲ್ಲಗೆ ಕೇಳಿದಳು, "ಇಲ್ಲಿ ಶಕ್ತಿ ಯೋಜನೆ ಇಲ್ವೇನ್ರೀ?"

ಇಳಿದ ಕಡೆ ಮಕ್ಕಳು ಓಡಿ ಬಂದು "ಯೆವು! ಯೆವು!" ಅಂತ ಕೂಗಿದವು. ಏನಪ್ಪ ಅಂತ ಮಗನನ್ನು ಕೇಳಿದೆ. ಆ ಕಡೆಯ ಜನರ ಎವೆ ಭಾಷೆಯಲ್ಲಿ ಬಿಳಿಯರಿಗೆ, ಹೊರದೇಶದವರಿಗೆ ಹೇಳುವ ಮಾತಂತೆ. ನಮ್ಮನೆಯವಳು ನನ್ನ ಮುಖ ನೋಡಿದಳು, ಮಕ್ಕಳ ಮುಖ ನೋಡಿದಳು, ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ನಕ್ಕಳು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ನನ್ನನ್ನು ಯಾರೂ ಬಿಳಿಯ ಅಂದಿದ್ದಿಲ್ಲ.

ಹಳ್ಳಿಯ ತುದಿಯಲ್ಲಿ ಟಿಕೆಟ್ ಕಚೇರಿ. ಅಲ್ಲೇ ಹೆಸರು ಬರೆಸಬೇಕು, ಗೈಡ್ ಕೊಡುತ್ತಾರೆ. ಹೊರದೇಶದವರಿಗೆ ದರ ಜಾಸ್ತಿ. ನಮ್ಮ ಮೈಸೂರು ಅರಮನೆಯಲ್ಲೂ ಹಾಗೇ ಅಲ್ವಾ, ಅದಕ್ಕೆ ನನಗೆ ಬೇಜಾರಿಲ್ಲ. ಗೋಡೆ ಮೇಲೆ ದರಪಟ್ಟಿ ಬರೆದಿತ್ತು, ಓದಿಕೊಂಡೇ ದುಡ್ಡು ತೆಗೆದೆ. ಆದರೆ ಎಡಗೈಯಲ್ಲಿ ಚಾಚಿದೆ. ನನಗದು ಕೆಲಸದ ಅಭ್ಯಾಸ. ಬಲಗೈಗೆ ಟಿಕೆಟ್ ಮಿಷನ್, ಎಡಗೈಗೆ ನೋಟು, 34 ವರ್ಷ ಹಾಗೇ ನಡೆದಿದೆ. ಕೌಂಟರಿನಲ್ಲಿದ್ದ ಹೆಂಗಸು ದುಡ್ಡು ಮುಟ್ಟಲಿಲ್ಲ. ಬೈಯಲೂ ಇಲ್ಲ. ನಗುತ್ತಾ ನನ್ನ ಬಲಗೈ ಕಡೆ ನೋಡಿದಳು, ಅಷ್ಟೇ. ಘಾನಾದಲ್ಲಿ ಎಡಗೈಯಲ್ಲಿ ಕೊಡುವುದು, ತೆಗೆದುಕೊಳ್ಳುವುದು ಮರ್ಯಾದೆ ಅಲ್ಲ. ನಮ್ಮೂರಿನಲ್ಲೂ ಅಲ್ಲ ತಾನೇ. ಬಸ್ಸಿನಲ್ಲಿ ಮಾತ್ರ ನಮಗೆ ಮಾಫಿ ಇತ್ತು. ನಾನು ಕೈ ಬದಲಿಸಿದೆ. ಅವಳು ನಂಬರ್ ಹಾಕಿದ ಪುಸ್ತಕದಿಂದ ಚೀಟಿ ಹರಿದು, ಚಿಲ್ಲರೆ ಎಣಿಸಿ, ಎರಡನ್ನೂ ಬಲಗೈಯಲ್ಲಿ ಕೊಟ್ಟಳು. "ಅಕ್ಪೆ" ಅಂದೆ, ಥ್ಯಾಂಕ್ಸ್ ಅನ್ನೋದಕ್ಕೆ. ಟಿಕೆಟ್ ಕಚೇರಿಗೆ ಪೂರ್ತಿ ಅಂಕ.

ಕೆಳಗಿನ ಜಲಪಾತಕ್ಕೆ ಮುಕ್ಕಾಲು ಗಂಟೆ ನಡಿಗೆ. ಈ ನಡಿಗೆ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ನಾನು ದುಡ್ಡು ಕೊಟ್ಟಿದ್ದು ಇದಕ್ಕೇ ಅಂತ ಆಮೇಲೆ ಗೊತ್ತಾಯಿತು.

ದಾರಿ ಸಮತಟ್ಟು. ಮಂಡಿ ನೋವಿನವರೂ ನಡೆಯಬಹುದು. ಪಕ್ಕದಲ್ಲೇ ಅಗುಮಾತ್ಸಾ ಹೊಳೆ ಹರಿಯುತ್ತದೆ, ದಾರಿ ಅದನ್ನು ಮತ್ತೆ ಮತ್ತೆ ದಾಟುತ್ತದೆ. ಪ್ರತಿ ಸಲ ಒಂದು ಸಣ್ಣ ಕಾಲುಸೇತುವೆ. ನಾನು ಎಣಿಸಿದ್ದು ಒಂಬತ್ತು, ಮನೆಯವಳು ಹತ್ತು ಅನ್ನುತ್ತಾಳೆ, ಇವತ್ತಿಗೂ ಇತ್ಯರ್ಥ ಆಗಿಲ್ಲ. ಅಗುಮಾತ್ಸಾ ಅಂದರೆ "ನನ್ನನ್ನು ಹರಿಯಲು ಬಿಡು" ಅಂತ ಅರ್ಥ ಎಂದ ಗೈಡ್. ಅವನು ಅದೇ ಹಳ್ಳಿಯ ಹುಡುಗ, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಮಚ್ಚು.

ಮೊದಲ ಅರ್ಧ ದಾರಿ ತೋಟ. ಕೋಕೋ ಮರ ನಾನು ಹತ್ತಿರದಿಂದ ನೋಡಿದ್ದು ಮೊದಲ ಸಲ. ಕಾಯಿ ಕೊಂಬೆ ತುದಿಯಲ್ಲಿ ಬಿಡಲ್ಲ, ಹಲಸಿನ ಹಾಗೆ ಕಾಂಡಕ್ಕೇ ಅಂಟಿಕೊಂಡಿರುತ್ತದೆ. ಗೈಡ್ ಹಳದಿಗೆ ತಿರುಗಿದ ಒಂದು ಕಾಯನ್ನು ಮಚ್ಚಿನಿಂದ ಸೀಳಿದ. ಒಳಗೆ ಬಿಳೀ ತೊಳೆ, ಸೀತಾಫಲದ ಥರ ಒಂದೊಂದು ಬೀಜಕ್ಕೂ ಸುತ್ತಿಕೊಂಡಿದೆ. ಚೀಪಿದರೆ ಹುಳಿಸಿಹಿ. ಮೊಮ್ಮಗ ಇದೇ ಚಾಕೊಲೇಟು ಅಂತ ಬೀಜ ಕಚ್ಚಿ, ಕಹಿ ಅಂತ ಉಗಿದ. ಕೋಕೋ ಬೆಳೆಯುವುದರಲ್ಲಿ ಘಾನಾ ಜಗತ್ತಿನ ದೊಡ್ಡ ದೇಶಗಳಲ್ಲಿ ಒಂದು, ಆದರೆ ಮರ ಅಲ್ಲಿನದಲ್ಲ. ಟೆಟ್ಟೆ ಕ್ವಾರ್ಶಿ ಅನ್ನುವವರು 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕಾಯಿ ತಂದು ನೆಟ್ಟರಂತೆ, ಅಲ್ಲಿ ಶಾಲೆ ಮಕ್ಕಳಿಗೆಲ್ಲ ಗೊತ್ತು. ನಮ್ಮಲ್ಲಿ ಬಾಬಾ ಬುಡನ್ ಕಾಫಿ ಬೀಜ ತಂದ ಕಥೆ ಇದೆಯಲ್ಲ, ಅದನ್ನು ನಾನು ಗೈಡ್‌ಗೆ ಹೇಳಿದೆ. ಏಳು ಬೀಜ ಅಂದಿದ್ದಕ್ಕೆ ಅವನು ಬೆರಳು ಮಡಚಿ ಎಣಿಸಿ, "ಬರೀ ಏಳಾ?" ಅಂದ.

ತೋಟ ಮುಗಿದ ಮೇಲೆ ಮಳೆಕಾಡು. ಬಿಸಿಲು ತುಂಡುತುಂಡಾಗಿ ಬೀಳುತ್ತದೆ. ಆಗುಂಬೆಯ ವಾಸನೆಯೇ, ಒದ್ದೆ ಎಲೆ ಕೊಳೆತ ವಾಸನೆ. ಚಿಟ್ಟೆ ಎಷ್ಟು ಅಂದರೆ ಮೊಮ್ಮಗ ಹಿಡಿಯಲು ಓಡುವುದನ್ನೇ ಬಿಟ್ಟ.

ಐದನೇ ಸೇತುವೆ ಹತ್ತಿರ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಈ ಶೂ ಪ್ರವಾಸಕ್ಕೆ ಅಂತಲೇ ಬೆಂಗಳೂರಿನಲ್ಲಿ ಕೊಂಡಿದ್ದು. ಅಂಗಡಿ ಹೆಸರು ಬೇಡ. "ಕಾಡು, ನೀರು, ಬಂಡೆ, ಏನಕ್ಕಾದ್ರೂ ಹಾಕ್ಕೊಳಿ ಸಾರ್, ಎರಡು ವರ್ಷ ನೋಡೋಹಾಗಿಲ್ಲ" ಅಂದಿದ್ದರು. ಎರಡು ವರ್ಷ ಇರಲಿ, ಎರಡು ಕಿಲೋಮೀಟರ್ ಆಗಿರಲಿಲ್ಲ. ಶೂ ಅಡಿಯ ಸೋಲು ಕಾವಲಿಯಿಂದ ದೋಸೆ ಎದ್ದ ಹಾಗೆ ಮುಂದಿನಿಂದ ಎದ್ದು ಬಂತು. ಹೆಜ್ಜೆ ಇಟ್ಟರೆ ಪಟ್ ಅಂತ ಸದ್ದು. ಮಗ ವಾಪಸ್ ಹೋಗೋಣ್ವಾ ಅಪ್ಪ ಅಂದ. ಗೈಡ್ ಮಾತಾಡದೆ ಪಕ್ಕದ ತಾಳೆ ಜಾತಿಯ ಗಿಡದ ಹತ್ತಿರ ಹೋದ. ಒಂದು ಗರಿ ಕೊಯ್ದ. ಅದರ ಮೇಲಿನ ತೆಳು ಪದರವನ್ನು ಉಗುರಿನಿಂದ ಎಬ್ಬಿಸಿ ಉದ್ದಕ್ಕೆ ಸೀಳಿದ, ರಿಬ್ಬನ್ನಿನ ಹಾಗೆ ಬಂತು. ಇದು ರಾಫಿಯಾ, ಬುಟ್ಟಿ ಹೆಣೆಯೋದು ಇದರಲ್ಲೇ ಅಂದ. ಎರಡು ಎಳೆ ತೊಡೆ ಮೇಲೆ ಹೊಸೆದು ದಾರ ಮಾಡಿದ. ನನ್ನ ಕಾಲನ್ನು ತನ್ನ ಮಂಡಿ ಮೇಲೆ ಇಟ್ಟುಕೊಂಡ. ನಾನು ಬೇಡಪ್ಪ, ಕಾಲು ಮುಟ್ಟಬೇಡ ಅಂದೆ, ಕನ್ನಡದಲ್ಲೇ ಅಂದುಬಿಟ್ಟೆ. ಅವನು ಸೋಲಿನ ಕೆಳಗಿಂದ ಎರಡು ಸುತ್ತು, ಹಿಮ್ಮಡಿ ಹಿಂದಿನಿಂದ ಒಂದು ಸುತ್ತು ತಂದು, ಮೇಲೆ ಚಪ್ಪಟೆಯಾಗಿ ಗಂಟು ಹಾಕಿದ. ಗಂಟು ಒತ್ತದ ಹಾಗೆ ಅದರ ಕೆಳಗೆ ಒಂದು ಎಲೆ ಮಡಚಿ ತುರುಕಿದ. ಐದು ನಿಮಿಷದ ಕೆಲಸ. ಇನ್ನು ನಡೀರಿ ಅಂತ ಕೈ ಮಾಡಿದ. ನನ್ನ ಬಾಯಿಂದ "ರೈಟ್ ರೈಟ್" ಬಂತು.

ಕಾಣುವ ಮೊದಲು ಗಾಳಿ ಬರುತ್ತದೆ. ಎಲೆ ಅಲ್ಲಾಡುತ್ತಿಲ್ಲದ ಕಾಡಿನಲ್ಲಿ ಇದ್ದಕ್ಕಿದ್ದಂತೆ ಮುಖಕ್ಕೆ ತಣ್ಣನೆಯ ಗಾಳಿ. ಮರ ಮುಗಿದು ಬಯಲು. ಎದುರಿಗೆ ಅರ್ಧಚಂದ್ರದ ಹಾಗೆ ಬಾಗಿದ ಕಲ್ಲಿನ ಗೋಡೆ, ಮಧ್ಯದಲ್ಲಿ ನೀರು ಒಂದೇ ಧಾರೆಯಾಗಿ ಕೆಳಕ್ಕೆ. ಘಾನಾದಲ್ಲಿ ಇದೇ ಎಲ್ಲಕ್ಕಿಂತ ಎತ್ತರದ್ದು, ಪಶ್ಚಿಮ ಆಫ್ರಿಕಾಕ್ಕೇ ಎತ್ತರದ್ದು ಅಂತಲೂ ಅಲ್ಲಿನವರು ಹೇಳುತ್ತಾರೆ.

ಜೋಗದಲ್ಲಿ ನಾವು ಎದುರಿನ ದಡದಲ್ಲಿ ನಿಂತು ನೋಡುತ್ತೇವೆ. ರಾಜ, ರಾಣಿ, ರೋರರ್, ರಾಕೆಟ್ ಅಂತ ಬೆರಳು ತೋರಿಸಿ, ಫೋಟೊ ತೆಗೆದು, ಮಸಾಲೆ ಮಂಡಕ್ಕಿ ತಿಂದು ಬರುತ್ತೇವೆ. ಇಲ್ಲಿ ನೀರು ಬೀಳುವ ಜಾಗಕ್ಕೇ ಹೋಗಬಹುದು. ಕೆಳಗಿನ ಗುಂಡಿ ಆಳ ಇಲ್ಲ, ನಮಗೆ ತೊಡೆ ಮಟ್ಟ ಬಂತು. ಧಾರೆ ಹತ್ತಿರ ಹೋದ ಹಾಗೆ ತುಂತುರು ಸೂಜಿ ಚುಚ್ಚಿದ ಹಾಗೆ ಹೊಡೆಯುತ್ತದೆ, ಕಣ್ಣು ಬಿಡೋಕೆ ಆಗಲ್ಲ. ಎಲ್ಲರೂ ಬೆನ್ನು ಮಾಡಿಕೊಂಡು ಹಿಂದಹಿಂದಕ್ಕೆ ನಡೆಯುತ್ತಿದ್ದರು. ನಾವೂ ಹಾಗೇ ಹೋದೆವು. ನಮ್ಮನೆಯವಳು ಸೀರೆ ಎತ್ತಿ ಸಿಕ್ಕಿಸಿ, ನನ್ನ ಭುಜ ಹಿಡಿದು, ನೀರಿಗೆ ಬೆನ್ನು ಕೊಟ್ಟು ಏನೋ ಕೂಗುತ್ತಿದ್ದಳು. ಒಂದಕ್ಷರ ಕೇಳಿಸಲಿಲ್ಲ. ಆಚೆ ಬಂದ ಮೇಲೆ ಏನಂದೆ ಅಂತ ಕೇಳಿದೆ. "ಏನಿಲ್ಲ, ಸುಮ್ನೆ ಕೂಗಿದೆ" ಅಂದಳು.

ತಲೆ ಎತ್ತಿ ಕಲ್ಲಿನ ಗೋಡೆ ನೋಡಿ. ಅಲ್ಲಲ್ಲಿ ಕಪ್ಪು ಕಲೆ ಕಾಣುತ್ತದೆ, ಸ್ವಲ್ಪ ಹೊತ್ತು ನೋಡಿದರೆ ಕಲೆ ಅಲುಗುತ್ತದೆ. ಬಾವಲಿ. ಸಾವಿರಾರು. ಹಣ್ಣು ತಿನ್ನುವ ದೊಡ್ಡ ಜಾತಿಯವು. ಹಗಲಿನಲ್ಲೂ ಒಂದು ಗುಂಪು ಎದ್ದು ಸುತ್ತು ಹೊಡೆದು ಮತ್ತೆ ಅಂಟಿಕೊಳ್ಳುತ್ತಿತ್ತು. ಕಾಡಿನಲ್ಲಿ ಬೀಜ ಬಿತ್ತುವುದು ಇವೇ ಅಂದ ಗೈಡ್. ಗಾಳಿ ತಿರುಗಿದಾಗ ವಾಸನೆಯೂ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಅಲ್ಲಿ ನಿಂತಾಗ ನನಗೆ ಲಿಂಗನಮಕ್ಕಿ ನೆನಪಾಯಿತು. 1964ರಲ್ಲಿ ಶರಾವತಿಗೆ ಆ ಅಣೆಕಟ್ಟು ಬಂದ ಮೇಲೆ ಜೋಗದಲ್ಲಿ ನೀರು ಎಷ್ಟು ಬೀಳಬೇಕು ಅನ್ನುವುದು ಮಳೆಯ ಜೊತೆಗೆ ಗೇಟಿನ ಕೈಯಲ್ಲೂ ಇದೆ. ಘಾನಾದವರೂ ಅದೇ ಕಾಲದಲ್ಲಿ ವೋಲ್ಟಾ ನದಿಗೆ ಅಕೊಸೊಂಬೊ ಅಣೆಕಟ್ಟು ಕಟ್ಟಿದರು, 1965ಕ್ಕೆ ಮುಗಿಯಿತು. ಅದರ ಹಿಂದೆ ನಿಂತ ಕೆರೆ ಸುಮಾರು 8,500 ಚದರ ಕಿಲೋಮೀಟರ್, ಮನುಷ್ಯ ಮಾಡಿದ ಕೆರೆಗಳಲ್ಲಿ ಅಷ್ಟು ಅಗಲದ್ದು ಇನ್ನೊಂದಿಲ್ಲ. ಸುಮಾರು 80,000 ಜನ ಊರು ಬಿಟ್ಟರು. ಕರೆಂಟು ಬೇಕು, ಬೇಡ ಅನ್ನಲ್ಲ, ನಾನೂ ಫ್ಯಾನ್ ಕೆಳಗೆ ಕೂತೇ ಬರೆಯುತ್ತಿರುವುದು. ಆದರೆ ಅಗುಮಾತ್ಸಾಗೆ ಗೇಟಿಲ್ಲ. ಮಳೆ ಬಂದಷ್ಟು ಬೀಳುತ್ತದೆ. ನಾವು ಹೋದ ಅಕ್ಟೋಬರಿನಲ್ಲಿ ಚೆನ್ನಾಗಿತ್ತು. ಡಿಸೆಂಬರ್ ಮೇಲೆ ಸಹಾರಾ ಕಡೆಯಿಂದ ದೂಳಿನ ಗಾಳಿ ಬೀಸುತ್ತದೆ, ನೀರೂ ಕಡಿಮೆ ಆಗುತ್ತದೆ.

ಮೇಲಿನ ಜಲಪಾತ ಬೇರೆ ಇದೆ, ಕಡಿದಾದ ಏರು. ಮಗ ಇನ್ನೊಬ್ಬ ಗೈಡ್ ಜೊತೆ ಮಾರನೇ ದಿನ ಹೋಗಿ ಬಂದ, ಅರ್ಧ ದಿನ ಹಿಡಿಯಿತು, ಎರಡು ದಿನ ಮೆಟ್ಟಿಲು ಇಳಿಯಲು ಒದ್ದಾಡಿದ. ನಮ್ಮ ವಯಸ್ಸಿನವರಿಗೆ ಬೇಡ.

ಕೊರತೆ ಇಲ್ಲ ಅಂತಲ್ಲ. ಒದ್ದೆ ಬಟ್ಟೆ ಬದಲಿಸಲು ಹೆಂಗಸರಿಗೆ ಸರಿಯಾದ ಜಾಗ ನಮಗೆ ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಅಕ್ರಾದಿಂದ ಬಂದ ಗುಂಪೊಂದು ದೊಡ್ಡ ಸ್ಪೀಕರ್ ಹಚ್ಚಿತು, ಅಲ್ಲಿಗೂ ಅದು ತಲುಪಿದೆ. ಬೆಳಗ್ಗೆ ಎಂಟಕ್ಕೆಲ್ಲ ಹೊರಟುಬಿಡಿ.

ಊಟ. ಹಳ್ಳಿಯ ಚಾಪ್ ಬಾರಿನಲ್ಲಿ, ಅಂದರೆ ನಮ್ಮ ಮಿಲ್ಟ್ರಿ ಹೋಟೆಲಿನ ಅಲ್ಲಿನ ರೂಪ. ಎವೆ ಜನರ ಊಟ ಅಕ್ಪ್ಲೆ. ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ಪಾತ್ರೆಯಲ್ಲಿ ಮರದ ಕೋಲಿನಿಂದ ತಿರುವಿ ತಿರುವಿ ಉಂಡೆ ಮಾಡುತ್ತಾರೆ. ಆ ಯಜಮಾನಿ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲು ತಿರುವುತ್ತಿದ್ದ ರೀತಿ ನೋಡಿ ನಮ್ಮವ್ವ ನೆನಪಾದಳು. ಜೊತೆಗೆ ಫೆಟ್ರಿ ಡೆಟ್ಸಿ, ಬೆಂಡೆಕಾಯಿ ಸಾರು, ಲೋಳೆಲೋಳೆ, ಮೀನು ಹಾಕಿದ್ದು, ಕಣ್ಣಲ್ಲಿ ನೀರು ಬರುವಷ್ಟು ಖಾರ. ಮೊದಲು ಬೋಗುಣಿಯಲ್ಲಿ ಕೈ ತೊಳೆಯಲು ನೀರು ಟೇಬಲ್ಲಿಗೇ ಬಂತು. ನಾನು ಉಂಡೆ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದೆ. ಯಜಮಾನಿ ಕೋಲು ಬಿಟ್ಟು ನಿಂತು ನೋಡಿದಳು. ಒಳಗಿದ್ದವರನ್ನೂ ಕರೆದು ತೋರಿಸಿದಳು. ಇನ್ನೊಂದು ಉಂಡೆ ಹಾಕಿದಳು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಮನೆಯವಳು ಕರಿದ ಬಾಳೆಕಾಯಿ ತಿಂದು, ರಾತ್ರಿ ರೂಮಿನಲ್ಲಿ ಗೊಜ್ಜವಲಕ್ಕಿ ಡಬ್ಬಿ ತೆಗೆದಳು.

ಗೈಡ್‌ಗೆ ಕೊನೆಯಲ್ಲಿ ಬೇರೆ ದುಡ್ಡು ಕೊಟ್ಟೆ, ಬಲಗೈಯಲ್ಲೇ. ಅವನು ಕೇಳಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಶೂ ತಗೊಂಡು ಅಂಗಡಿಗೆ ಹೋದೆ, ಬಿಲ್ಲು ಜೇಬಿನಲ್ಲೇ ಇತ್ತು. ಹುಡುಗ ತಿರುಗಿಸಿ ನೋಡಿ, "ನೀರಲ್ಲಿ ಹಾಕ್ಕೊಂಡಿದ್ರಾ ಸಾರ್?" ಅಂದ. ಅವನ ಜೊತೆ ಮಾತಾಡುವುದು ವೇಸ್ಟು. ಬಸ್‌ಸ್ಟ್ಯಾಂಡ್ ಹತ್ತಿರ ಕೂರುವ ಚಮ್ಮಾರರ ಹತ್ತಿರ ಕೊಟ್ಟೆ, ನನ್ನ ಡ್ಯೂಟಿ ಕಾಲದಿಂದ ಪರಿಚಯ. ಅವರು ಸೋಲು ನೋಡಲಿಲ್ಲ, ಗಂಟು ನೋಡಿದರು. "ಇದನ್ನ ಯಾರು ಕಟ್ಟಿದ್ದು?" ಹೇಳಿದೆ. ಕತ್ತರಿಸುತ್ತಾರೆ ಅಂದುಕೊಂಡಿದ್ದೆ. ಕತ್ತರಿಸಲಿಲ್ಲ, ದಬ್ಬಣದ ತುದಿಯಿಂದ ಹತ್ತು ನಿಮಿಷ ಕೂತು ಬಿಡಿಸಿದರು. ದಾರವನ್ನು ಎಳೆದು ನೋಡಿ, ತಮ್ಮ ದಬ್ಬಣದ ಹಿಡಿಗೆ ಸುತ್ತಿಕೊಂಡರು. ಹೊಲಿಗೆಗೆ 80 ರೂಪಾಯಿ ಅಂದಿದ್ದವರು 70 ತಗೊಂಡರು. ನಾನು ಚೀಟಿ ಕೇಳಲಿಲ್ಲ.